ಚಪ್ಪಲಿಗೆ ಅಂಟಿದ ಲೇಬಲ್

“ಕಾಲು ಎತ್ತಕ್ಕಾ!” ಮಾರಿಕುಪ್ಪಂ ರೈಲಿನಲ್ಲಿ ಎದುರು ಕೂತಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೆಂಗಸು ಸೀಟಿನ ಕೆಳಗೆ ತೆವಳುತ್ತಿದ್ದಳು. ಓಲೆ ಬಿತ್ತೇನೋ ಎಂದುಕೊಂಡೆ. ಅಲ್ಲ, ಅಂಗಿಗೆ ಹೊಲಿಯುವ ಲೇಬಲ್. ದೇಶದ ಹೆಸರು ಸೈಜಿನ ಪಟ್ಟಿಯಡಿ ಮುಚ್ಚಿಹೋಗಿದೆ ಎಂದು ವಿದೇಶದ ಕಸ್ಟಮ್ಸ್‌ನವರು ಅಂಗಿಗಳನ್ನೆಲ್ಲ ವಾಪಸ್ ಕಳಿಸಿದ್ದರಂತೆ. ಹಳೆಯದನ್ನು ಬಿಚ್ಚಿ ಹೊಸ ಲೇಬಲ್ ಹೊಲಿಯಲು ಇವಳು ಒಂದಷ್ಟು ಅಂಗಿಗಳನ್ನು ಮನೆಗೆ ಒಯ್ಯುತ್ತಿದ್ದಳು.

ಅದು ನನ್ನ ಚಪ್ಪಲಿಗೇ ಅಂಟಿತ್ತು: ‘ಮೇಡ್ ಇನ್ ಇಂಡಿಯಾ’. ತುಳಿದುಬಿಟ್ಟೆನಲ್ಲ ಎಂದು ಅಭ್ಯಾಸದಂತೆ ಕಣ್ಣಿಗೊತ್ತಿಕೊಂಡೆ.

“ಅದಕ್ಯಾಕಕ್ಕಾ ಕಣ್ಣಿಗೊತ್ಕೊಂತೀಯ? ಇಲ್ಲಿ ಕೊಡು. ಲೇಬಲ್ ಎಣಿಸಿ ಕೊಟ್ಟವ್ರೆ, ಒಂದ್ ಕಮ್ಮಿ ಆದ್ರೂ ನಾಳೆ ನನ್ನ ಗೇಟ್ ಒಳಕ್ಕೆ ಬಿಡಲ್ಲ” ಎಂದು ಕಿತ್ತುಕೊಂಡಳು.

ಈಗ ಬಂಗಾರಪೇಟೆಯ ಅಂಗಡಿಯಲ್ಲಿ ಅಂಗಿಯ ಕಾಲರಿನೊಳಗೆ ದೇಶದ ಹೆಸರು ಕಂಡರೆ ಮೈ ಉರಿಯುತ್ತದೆ. ಹೆಸರು ಕಾಣಲೇಬೇಕಂತೆ. ಅದಕ್ಕಾಗಿ ನೆಲದ ಮೇಲೆ ತೆವಳಿದವಳು ಯಾರ ಕಣ್ಣಿಗೂ ಕಾಣಬೇಕಿಲ್ಲ.