ಉಮದಿಯ ಲಾಭ, ಪುಣೆಯ ಒಂದು

ಪುಣೆಯ ರೇಷನ್ ಅಂಗಡಿಯಲ್ಲಿ ಜೋಳವನ್ನು ತಕ್ಕಡಿಯಲ್ಲಿ ತೂಗುತ್ತಾರೆ, ಅದೂ ತುಟಿ ಬಿಚ್ಚದೆ. ಬಂದ ಹೊಸದರಲ್ಲಿ ಚೀಲ ಹಿಡಿದು ನಿಂತ ನನಗೆ ಯಾರೋ ತೀರಿಕೊಂಡಿದ್ದಾರೇನೋ ಅನಿಸಿತು. ನಮ್ಮ ಉಮದಿಯಲ್ಲಿ ಅಪ್ಪ ಸೇರಿನಿಂದ ಜೋಳ ಅಳೆದರೆ ಓಣಿಗೆಲ್ಲ ಕೇಳುತ್ತದೆ. ಮೊದಲ ಸೇರಿಗೆ ‘ಒಂದು’ ಅನ್ನುವಂತಿಲ್ಲ, ಶುಭವಾಗಲೆಂದು ‘ಲಾಭ’ ಅನ್ನಬೇಕು. ಆಮೇಲೆ ಎರಡು, ಮೂರು. ಅಪ್ಪನ ಕಾಳಿನ ಅಂಗಡಿಯಲ್ಲಿ, ರಾಶಿಯ ಪಕ್ಕ ಕುಳಿತು ನಾನು ಲೆಕ್ಕ ಕಲಿತದ್ದೇ ಹಾಗೆ. ಹೆಣ್ಣಿಗೆ ಯಾಕೆ ಲೆಕ್ಕ ಎಂದವರಿಗೆ ಅಪ್ಪ, “ಆಕಿಗೆ ಕಲಿಯೋ ಹುರುಪ ಐತಿ, ನನಗ ಕಲಿಸೋ ಚಟ ಐತಿ. ನಿಮಗೇನ ತ್ರಾಸರಿ?” ಅನ್ನುತ್ತಿದ್ದ.

ಆ ಚಟವೇ ನನ್ನನ್ನು ಇಲ್ಲಿಗೆ ತಂದಿತು. ನಮ್ಮೂರಿದ್ದ ಜತ್ತ ಸಂಸ್ಥಾನ ವಿಲೀನವಾದ ಹೊಸತು. ಗಣಿತದ ಅಕ್ಕೋರು ಆಗುತ್ತೇನೆಂದು ಹಟ ಹಿಡಿದು ಪುಣೆಯ ಸೋದರತ್ತೆಯ ಮನೆ ಸೇರಿದೆ. ಅದು ವಾಡೆ, ಅಂದರೆ ಒಂದೇ ಅಂಗಳದ ಸುತ್ತ ಹತ್ತಾರು ಸಂಸಾರ. ಅಷ್ಟು ಜನರ ನಡುವೆಯೂ ಅತ್ತೆಯೊಬ್ಬಳ ಹೊರತು ಕನ್ನಡ ಆಡುವವರಿಲ್ಲದೆ ಬಾಯಿ ಒಣಗುತ್ತಿತ್ತು. ಅವ್ವನ ಕರಾರು ಬೇರೆ: “ಈ ಸರ್ತಿ ನೌಕರಿ ಆಗಲಿಲ್ಲಂದ್ರ ಊರಿಗಿ ಬಂದು ಲಗ್ನಕ್ಕ ಹೂಂ ಅನಬೇಕು ನೋಡ.”

ಹುಡುಗಿಯರ ಶಾಲೆಯೊಂದರಲ್ಲಿ ಪಾಠ ಮಾಡಿ ತೋರಿಸಲು ಕರೆದರು. ಹಿಂದಿನ ಬೆಂಚಿನಲ್ಲಿ ಹೆಡ್‌ಬಾಯಿ ಕುಳಿತರು. ಇಲ್ಲಿ ಅಕ್ಕೋರಿಗೆ ‘ಬಾಯಿ’ ಅನ್ನುತ್ತಾರೆ. ನಾನು ಹುಣಸೆಬೀಜಗಳನ್ನು ಮೇಜಿನ ಮೇಲಿಡುತ್ತ ಮರಾಠಿಯಲ್ಲಿ ಎಣಿಸಿದೆ: “ಲಾಭ, ದೋನ್, ತೀನ್...”

ತರಗತಿ ಘೊಳ್ಳೆಂದು ನಕ್ಕಿತು. “ಬಾಯಿ, ಒಂದು ಎಲ್ಲಿ ಹೋಯಿತು?” ಎಂದಳೊಬ್ಬಳು. ಮುಗೀತು, ಲಗ್ನದ ಸೀರೆ ಉಡುವುದೇ ಸೈ ಅಂದುಕೊಂಡೆ. ಆದರೂ ಧೈರ್ಯ ಮಾಡಿ ಅಪ್ಪನ ಅಂಗಡಿಯ ಪದ್ಧತಿ ವಿವರಿಸಿ, “ಲಾಭಕ್ಕೆ ಎರಡು ಕೂಡಿಸಿದರೆ?” ಎಂದು ಕೇಳಿದೆ. “ಮೂರು.” “ಈಗ ಲಾಭ ಎಷ್ಟೆಂದು ನಾನು ಹೇಳುವುದಿಲ್ಲ. ಅದಕ್ಕೆ ನಾಲ್ಕು ಕೂಡಿಸಿದರೆ ಒಂಬತ್ತು. ಲಾಭ ಎಷ್ಟು?” “ಐದು,” ಎಂದು ಇಡೀ ತರಗತಿ ಕೂಗಿತು. “ಇದೇ ಬೀಜಗಣಿತ,” ಎಂದೆ. ಹೆಡ್‌ಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸೋಮವಾರದಿಂದಲೇ ಬರಲು ಹೇಳಿದರು. ಸಂತೋಷಕ್ಕೆ ದಾರಿಯಲ್ಲಿ ಚಪ್ಪಲಿ ಕಿತ್ತದ್ದೂ ತಿಳಿಯಲಿಲ್ಲ. ಈಗ ಆ ಹುಡುಗಿಯರು ಬೀಜ ಎಣಿಸಿದರೂ ಮೆಟ್ಟಿಲು ಎಣಿಸಿದರೂ ‘ಲಾಭ’ದಿಂದಲೇ ಶುರು.

ದೀಪಾವಳಿಗೆ ಊರಿಗೆ ಹೋದೆ. ಗಿರಾಕಿಗಳ ಮುಂದೆ ಅಪ್ಪ ಹೆಮ್ಮೆಯಿಂದ, “ಇವತ್ತ ನಮ್ಮ ಅಕ್ಕೋರು ಅಳೀತಾರ,” ಎಂದು ಸೇರು ಕೊಟ್ಟ. ನಾನು ತುಂಬಿ ಸುರಿದು, “ಒಂದು,” ಅಂದುಬಿಟ್ಟೆ.

ಅಪ್ಪ ಆ ಜೋಳವನ್ನು ಬಾಚಿ ಮತ್ತೆ ರಾಶಿಗೆ ಹಾಕಿ ನನ್ನ ಮುಖ ನೋಡಿದ.

“ಲಾಭ ಎಲ್ಲಿ ಬಿಟ್ಟ ಬಂದಿ, ಯವ್ವಾ?”

“ಪುಣೇದಾಗ ಐತ್ಯಪಾ,” ಎಂದೆ, “ನನ್ನ ಹುಡಿಗ್ಯಾರ ಕಡೆ.”