ದಾಸಯ್ಯನ ಗಾರೆ

ಪಾಲಹಳ್ಳಿಯ ದಾಸಯ್ಯನ ಗಾರೆ ಎಂದರೆ ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೆ ಹಳೆ ಮನೆಯವರೆಲ್ಲ ತಲೆದೂಗುತ್ತಿದ್ದರು. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಇಷ್ಟೇ ಸಾಮಾನು. ಇದನ್ನೇ ಬೇರೆಯವರು ಕಲಸಿದರೆ ಎರಡು ಮಳೆಗಾಲಕ್ಕೆ ಉದುರುತ್ತಿತ್ತು. ದಾಸಯ್ಯ ತುಂಬಿದ ಸಂದು ಇಪ್ಪತ್ತು ವರ್ಷ ಮಿಸುಕುತ್ತಿರಲಿಲ್ಲ. ಸಿಮೆಂಟು ಬಂದು ಗಾರೆಯವರೆಲ್ಲ ಮೂಲೆಗುಂಪಾದ ಮೇಲೂ, ಹೊಳೆ ಬದಿಯ ಮನೆಗಳ ಹೊಗೆಗೂಡು ಸಡಿಲವಾಯಿತೆಂದರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೊಗಳಿಕೆಯನ್ನು ಅವನೂ ಬೇಡ ಅಂದವನಲ್ಲ. ಮೀಸೆಯಡಿ ನಕ್ಕು, ಎಲೆಗೆ ಸುಣ್ಣ ಸವರುತ್ತಾ, "ಏನೋ ಕೈಗುಣ ಬುಡಿ" ಅನ್ನುತ್ತಿದ್ದ.

ಆ ಕೈ ಯಾರದು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಗಾರೆ ಕಲಸುತ್ತಿದ್ದವಳು ಅವನ ಹೆಂಡತಿ ಮಂಚಮ್ಮ. ಹಿತ್ತಿಲ ಗುಂಡಿಯಲ್ಲಿ ಸುಣ್ಣ ಅರಳಿಸುವವಳು ಅವಳು, ಒನಕೆ ಹಿಡಿದು ಕುಟ್ಟುವವಳು ಅವಳು, ಬೆರಳಿಗೆ ಅಂಟಿಸಿಕೊಂಡು ಸಾಕೋ ಸಾಲದೋ ನೋಡುವವಳೂ ಅವಳೇ. ದಾಸಯ್ಯ ಕರಣೆ ಹಿಡಿದು ಏಣಿ ಹತ್ತುತ್ತಿದ್ದ, ಅವಳು ಬಾಂಡ್ಲಿ ತುಂಬಿಸಿ ಮೇಲಕ್ಕೆ ಕೊಡುತ್ತಿದ್ದಳು. ಯಾವುದಕ್ಕೆ ಎಷ್ಟು ಹಾಕುತ್ತೀಯೆ ಎಂದು ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಅವನು ಕೇಳಲಿಲ್ಲ. ಮೇಸ್ತ್ರಿಯಾದವನು ಹೆಂಡತಿಯನ್ನು ಕೇಳುವುದುಂಟೆ?

೧೯೯೪ರ ದೀಪಾವಳಿ ಕಳೆದ ವಾರಕ್ಕೆ ಮಂಚಮ್ಮ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು.

ದಾಸಯ್ಯ ಅಳಲಿಲ್ಲ. ಹೊಸಹೊಳಲಿಗೆ ಕೊಟ್ಟಿದ್ದ ಮಗಳು ಸೋಮಮ್ಮ ಬಂದು ಎದೆ ಬಡಿದುಕೊಂಡು ಅತ್ತಳು. ಇವನು ಜಗಲಿಯ ಕಂಬಕ್ಕೆ ಒರಗಿ, ಬಂದವರು ಚಪ್ಪಲಿ ಎಲ್ಲಿ ಬಿಡುತ್ತಿದ್ದಾರೆ ಎಂದು ನೋಡುತ್ತಾ ಕೂತಿದ್ದ. ಕಲ್ಲು ಕಣ್ಲಾ ಇವನು ಎಂದು ಊರಿನವರು ಆಡಿಕೊಂಡರು. ಕಲ್ಲೂ ಅಲ್ಲ, ಏನೂ ಅಲ್ಲ. ಒಳಗೆ ಏನಾದರೂ ಇದೆಯೇ ಎಂದು ಅವನೇ ತಡಕಿ ನೋಡಿಕೊಂಡಿದ್ದ, ಸಿಕ್ಕಿರಲಿಲ್ಲ. ಹಸಿವಾದರೆ ಉಣ್ಣುತ್ತಿದ್ದ. ಹಿತ್ತಿಲ ಗುಂಡಿಯಲ್ಲಿ ಅವಳು ಅರಳಿಸಿಟ್ಟ ಸುಣ್ಣ ಮುಕ್ಕಾಲು ಪಾಲು ಉಳಿದಿತ್ತು. ಒಣಗದಿರಲೆಂದು ಅವಳು ಮುಚ್ಚಿದ್ದ ಗೋಣಿಚೀಲಕ್ಕೆ ದಿನಾ ಬೆಳಿಗ್ಗೆ ಒಂದು ಕೊಡ ನೀರು ಹುಯ್ಯುತ್ತಿದ್ದ. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಹನ್ನೊಂದನೇ ದಿನದ ತಿಥಿ ಮುಗಿದ ಮಾರನೇ ದಿನವೇ ಶ್ರೀರಂಗಪಟ್ಟಣದ ದೊರೆಸ್ವಾಮಿಗಳಿಂದ ಕರೆ ಬಂತು. ಅವರದು ಹೊಳೆಗೆ ಬೆನ್ನು ಮಾಡಿದ ಮನೆ. ಬೀದಿ ಕೊನೆಯ ಚಿಕ್ಕ ಗುಡಿಗೆ ನೈವೇದ್ಯ ಆ ಮನೆಯ ಸೌದೆ ಒಲೆಯಲ್ಲೇ ಆಗಬೇಕು, ಗ್ಯಾಸಿನ ಮೇಲೆ ಬೇಯಿಸಿದ್ದು ದೇವರಿಗೆ ಸಲ್ಲದು ಎಂದು ಆ ಮನೆಯ ಪದ್ಧತಿ. ಪಡುವಣದ ತೇವದ ಗಾಳಿ ವರ್ಷವಿಡೀ ಬಡಿದು ಹೊಗೆಗೂಡಿನ ಆ ಕಡೆಯ ಸಂದು ಸಣ್ಣಗೆ ಉದುರತೊಡಗಿತ್ತು. ದಾಸಯ್ಯ ಮನೆಯಲ್ಲಿ ತಾನೇ ಗಾರೆ ಕಲಸಿ ಹಿತ್ತಿಲ ಗೋಡೆಗೆ ಬಳಿದು ನೋಡಿದ. ಒಣಗಿದ ಮೇಲೆ ಕೈಯಿಟ್ಟರೆ ಹಿಟ್ಟಿನಂತೆ ಉದುರಿತು. ಇನ್ನೊಮ್ಮೆ ಕಲಸಿದ, ಅದೂ ಅಷ್ಟೇ. ಆಮೇಲೆ ಪೇಟೆಯಲ್ಲಿ ಅರ್ಧ ಮೂಟೆ ಸಿಮೆಂಟು ಕೊಂಡು, ಸುಣ್ಣದ ಬಣ್ಣ ಬರಲಿ ಎಂದು ಮೇಲೆ ಒಂದಿಷ್ಟು ಸುಣ್ಣ ಸವರಿ, ಕೆಲಸ ಮುಗಿಸಿ ಬಂದುಬಿಟ್ಟ. ಹಳೆ ಇಟ್ಟಿಗೆಗೆ ಸಿಮೆಂಟು ಆಗದು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ ಅವನು.

ಅವತ್ತೇ ಇನ್ನೊಂದು ತಪ್ಪೂ ಆಯಿತು. ದೊರೆಸ್ವಾಮಿಗಳ ಹೆಂಡತಿ ಪದ್ಮಮ್ಮ, "ಮಂಚಮ್ಮ ಯಾಕೆ ಬರಲಿಲ್ಲ?" ಎಂದು ಕೇಳಿದ್ದಕ್ಕೆ, ಇವನ ಬಾಯಿ ತಾನಾಗಿ, "ಹೊಣಕೆರೆಗೆ ಓಗವ್ಳೆ ಅಮ್ಮಾವ್ರೆ, ತವರ್ಗೆ" ಅಂದಿತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸತ್ತಳು ಎಂಬ ಮಾತಿಗೆ ನಾಲಿಗೆ ಹೊರಳಲಿಲ್ಲ, ಅಷ್ಟೆ. ಪದ್ಮಮ್ಮ ಅವಳಿಗೆಂದು ಪುಳಿಯೋಗರೆಯನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟರು. ಅದನ್ನು ಅವನು ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ತಾನೇ ತಿಂದ. ರುಚಿ ಇತ್ತೋ ಇಲ್ಲವೋ ನೆನಪಿಲ್ಲ.

ವರ್ಷ ಕಳೆದು ಮತ್ತೆ ಕಾರ್ತಿಕ ಬಂದಾಗ ಅದೇ ಮನೆಯಿಂದ ಕರೆ. ಹೋಗಿ ಏಣಿ ಹತ್ತಿ ಸೂರಿನ ಮೇಲೆ ಕೂತ ದಾಸಯ್ಯನಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಸಿಮೆಂಟು ನೆಟ್ಟಗೆ ನಿಂತಿತ್ತು. ತೇವ ಹೊರಬೀಳಲು ದಾರಿಯಿಲ್ಲದೆ, ಅದರ ಸುತ್ತ ಎಂಬತ್ತು ವರ್ಷದ ಇಟ್ಟಿಗೆಗಳು ಪದರು ಪದರಾಗಿ ಸಿಪ್ಪೆ ಬಿಟ್ಟು ಒಳಗೆ ಕುಸಿಯುತ್ತಿದ್ದವು. ಉಳಿಯಿಂದ ಒಂದು ಕಡೆ ಮೀಟಿದ. ಇಟ್ಟಿಗೆಯ ಹೊಟ್ಟೆ ಇನ್ನೂ ಗಟ್ಟಿಯಾಗಿತ್ತು. ಸಿಮೆಂಟು ಕೆತ್ತಿ ತೆಗೆದು ಸರಿಯಾದ ಗಾರೆ ತುಂಬಿದರೆ ಉಳಿಯುತ್ತದೆ.

ಕೆಳಗೆ ಅಂಗಳದಲ್ಲಿ ದೊರೆಸ್ವಾಮಿಗಳು ಕತ್ತೆತ್ತಿ ನಿಂತಿದ್ದರು. "ನಿನ್ನ ಕೆಲಸದಲ್ಲಿ ಐಬಿಲ್ಲ ದಾಸಯ್ಯ, ಇಟ್ಟಿಗೆಗೇ ಆಯಸ್ಸು ಮುಗಿದಿದೆ. ನೈವೇದ್ಯದ ಪೊಂಗಲ್ಲಿಗೆ ಎರಡು ಸಲ ಚೂರು ಬಿತ್ತು. ಸೋಮವಾರ ಆಳು ಕರೆಸಿ ಕೆಡವಿಸಿಬಿಡ್ತೀನಿ. ನೈವೇದ್ಯ ಆಚೆ ಬೀದಿ ದಾಯಾದಿಗಳ ಮನೇಲಿ ಆಗ್ಲಿ. ನೀನೂ ನೋಡಿ ಒಂದು ಮಾತು ಹೇಳು ಅಂತ ಕರೆಸಿದೆ."

ದಾಸಯ್ಯ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಅವರು ಗುಡಿಗೆ ಹೊರಟುಹೋದರು. ಬಾಯಿ ಮುಚ್ಚಿಕೊಂಡಿದ್ದರೆ ಹೊಗೆಗೂಡು ಹೋಗುತ್ತದೆ, ಹೆಸರು ಉಳಿಯುತ್ತದೆ. ಬಾಯಿ ಬಿಟ್ಟರೆ ಸಿಮೆಂಟಿನ ಮಾತಾಡಬೇಕು, ಸಿಮೆಂಟು ಯಾಕೆ ಹಾಕಿದೆ ಎಂದು ಹೇಳಬೇಕು, ಆಮೇಲೆ ಮಂಚಮ್ಮನ ಮಾತು. ಇಡೀ ಸೀಮೆಯಲ್ಲಿ ಮಂಚಮ್ಮ ಇನ್ನೂ ಬದುಕಿದ್ದದ್ದು ಆ ಮನೆಯೊಂದರಲ್ಲೇ.

ಹೊಗೆಗೂಡಿನೊಳಗಿಂದ ಪದ್ಮಮ್ಮನ ದನಿ ಬಂತು. "ದಾಸಯ್ಯ, ಬೆಳಕು ನೋಡೋಣವೇನಪ್ಪ?"

ಇದು ಅವರಿಬ್ಬರ ಹಳೇ ಏರ್ಪಾಡು. ಮಡಿಯ ಅಡುಗೆಮನೆಗೆ ದಾಸಯ್ಯ ಕಾಲಿಟ್ಟವನಲ್ಲ. ಇಡಬೇಡ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಮಟ್ಟಕ್ಕೆ ಅವನು ಬಿಟ್ಟುಕೊಂಡೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಒಂದೊಂದು ಮಗ್ಗುಲಾಗಿ ಆ ಹೊಗೆಗೂಡನ್ನು ರಿಪೇರಿ ಮಾಡಿದವನು ಅದರ ಕೆಳಗಿನ ಒಲೆ ನೋಡಿರಲಿಲ್ಲ. ಅದಕ್ಕೇ ಅವನು ಮೇಲಿನ ಬಾಯಿಗೆ ಗೋಣಿ ಮುಚ್ಚುತ್ತಿದ್ದ. ಪದ್ಮಮ್ಮ ಆರಿದ ಒಲೆಯ ಬಳಿ ಬಗ್ಗಿ ಮೇಲೆ ನೋಡಿ, ಕತ್ತಲಲ್ಲಿ ಎಲ್ಲೆಲ್ಲಿ ಬೆಳಕು ತೂರುತ್ತದೋ ಕೂಗಿ ಹೇಳುತ್ತಿದ್ದರು. ಅಲ್ಲಲ್ಲಿಗೆ ಅವನು ಸೀಮೆಸುಣ್ಣದ ಗುರುತು ಹಾಕುತ್ತಿದ್ದ.

ಗೋಣಿ ಮುಚ್ಚಿದ. "ಯೋಳಿ ಅಮ್ಮಾವ್ರೆ."

"ಹೊಳೆ ಕಡೆ, ಮೇಲಿಂದ ನಾಲ್ಕನೇ ವರಸೆ. ಅದರ ಕೆಳಗೆ ಎರಡು. ಅಯ್ಯೋ, ಈ ಸಲ ಜರಡಿ ಆಗಿದೆಯಲ್ಲಪ್ಪ." ಅದೇ ಉಸಿರಿಗೆ ಕೇಳಿದರು. "ಮಂಚಮ್ಮ ಇನ್ನೂ ತವರಲ್ಲೇ ಇದ್ದಾಳಾ? ವರ್ಷ ಆಯ್ತಲ್ಲೋ. ಜಗಳ ಆಡಿಕೊಂಡ್ರೇನು? ಹೋಗಿ ಕರ್ಕೊಂಡು ಬಾ. ನಮ್ಮವರು ಕೆಡವ್ತೀನಿ ಅಂತ ಕೂತಿದ್ದಾರೆ. ಅವಳ ಗಾರೆ ಬಿದ್ದರೆ ಇದು ನಿಲ್ಲುತ್ತೆ ಅಂತ ನನ್ನ ಮನಸ್ಸಿಗಿದೆ."

ಅವಳ ಗಾರೆ ಅಂದರು. ದಾಸಯ್ಯನ ಗಾರೆ ಅನ್ನಲಿಲ್ಲ.

ಅವನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಎದುರಿಗೆ ಮುಖವಿದ್ದಿದ್ದರೆ ಅವತ್ತೂ ಏನಾದರೊಂದು ಸುಳ್ಳು ಹೊರಡುತ್ತಿತ್ತೇನೋ. ಎದುರಿಗಿದ್ದದ್ದು ಗೋಣಿ ಮುಚ್ಚಿದ ತೂತು. ಅದರ ಒಂದು ಅಂಚನ್ನು ಎತ್ತಿ, ಬಾಯಿಟ್ಟು ಹೇಳಿದ.

"ಅವ್ಳಿಲ್ಲ ಅಮ್ಮಾವ್ರೆ."

"ಎಲ್ಲಿಲ್ಲ?"

"ಸತ್ತೋದ್ಳು. ಓದ್ ಸಲ ನಾನ್ ಬಂದಾಗ್ಲೇ ಇಪ್ಪತ್ ದಿನ ಆಗಿತ್ತು." ಇಷ್ಟು ಹೊರಬಿದ್ದ ಮೇಲೆ ಉಳಿದದ್ದು ತಾನಾಗಿ ಬಂತು. "ಇದ್ಕೆ ಆಕಿರೋದು ಸಿಮೆಂಟು. ಇಟ್ಗೆ ಕೆಟ್ಟಿಲ್ಲ, ಕೆಡ್ಸಿದ್ದು ನಾನು. ಗಾರೆ ಕಲ್ಸೋದು ನಂಗೆ ಬರಾಕಿಲ್ಲ. ಅಳ್ತೆ ಗೊತ್ತಿಲ್ಲ. ಯಾವತ್ತೂ ಕೇಳ್ನಿಲ್ಲ. ಸುಣ್ಣ ಅವ್ಳು ಅರಳ್ಸಿಟ್ಟಿದ್ದು ಅಂಗೇ ಅದೆ ಗುಂಡೀಲಿ."

ಕೆಳಗಿನಿಂದ ಅಳು ಕೇಳಿಸಿತು. ದೊಡ್ಡ ಅಳುವಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುವುದು. ಹೊಗೆಗೂಡು ಅದನ್ನು ಒಂದಿಷ್ಟೂ ಕಳೆಯದೆ ಅವನ ಕಿವಿಗೆ ತಂದು ಸುರಿಯಿತು. ದಾಸಯ್ಯ ಕೂತೇ ಇದ್ದ. ತನಗೂ ಅಳು ಬರಬಹುದೆಂದು ಕಾದ. ಬರಲಿಲ್ಲ. ಮಂಡಿಯ ಮೇಲೆ ಬಿದ್ದಿದ್ದ ಇಟ್ಟಿಗೆ ಪುಡಿ ಕೊಡವಿಕೊಂಡ.

ತುಂಬ ಹೊತ್ತಿನ ಮೇಲೆ ಪದ್ಮಮ್ಮ ಮೂಗು ಒರೆಸಿಕೊಂಡ ಸದ್ದಾಯಿತು. "ಮೂರು ಬಾಂಡ್ಲಿ ಸುಣ್ಣಕ್ಕೆ ಐದು ಬಾಂಡ್ಲಿ ಮರಳು" ಅಂದರು.

ದಾಸಯ್ಯನಿಗೆ ತಲೆಬುಡ ತಿಳಿಯಲಿಲ್ಲ. "ಏನು ಅಮ್ಮಾವ್ರೆ?"

"ಹೊಳೆ ಮರಳು, ಎರಡು ಸಲ ತೊಳೆದದ್ದು. ಅಳಲೆಕಾಯಿ ಎರಡು ಬೊಗಸೆ ಜಜ್ಜಿ ನಾಲ್ಕು ದಿನ ನೆನೆಹಾಕಬೇಕು, ನೀರು ಕಾಫಿ ಬಣ್ಣಕ್ಕೆ ತಿರುಗಬೇಕು. ಬೆಲ್ಲ ಎರಡು ಅಚ್ಚು, ಹೆಚ್ಚಾದರೆ ಇರುವೆ ತಿನ್ನುತ್ತೆ ಅನ್ನೋಳು. ಏಳು ದಿನ ಕುಟ್ಟಬೇಕು. ಇಲ್ಲಿಗೆ ಕೆಲಸಕ್ಕೆ ಬಂದಾಗೆಲ್ಲ ಬೆಲ್ಲ ನನ್ನ ಕೈಯಿಂದಲೇ ಇಸ್ಕೊತಿದ್ದಳಲ್ಲ, ಹಿತ್ತಿಲಲ್ಲಿ ಕೂತು ಹೇಳೋಳು, ನಾನು ಕೇಳ್ತಿದ್ದೆ. ಒಂದು ದಿನ ನಗ್ತಾ ಅಂದಳು, ನಮ್ಮ ಮೇಸ್ತ್ರಿ ಒಂದಿನಾನೂ ಕೇಳ್ನಿಲ್ಲ ಕಣ್ರವ್ವ, ಕೇಳಿದ್ರೆ ಯೋಳ್ತಿದ್ದೆ ಅಂತ."

ಪದ್ಮಮ್ಮ ಆ ಮಾತನ್ನು ಮಂಚಮ್ಮನ ಧಾಟಿಯಲ್ಲೇ ಆಡಿದ್ದರು, ಕೊನೆಯ ಪದವನ್ನು ಅವಳಂತೆಯೇ ಎಳೆದಿದ್ದರು. ದಾಸಯ್ಯನಿಗೆ ಅಳತೆಯೆಲ್ಲ ಒಂದೇ ಸಲಕ್ಕೆ ತಲೆಗೆ ಹತ್ತಿತ್ತು. ಮೂರು, ಐದು, ಎರಡು ಬೊಗಸೆ, ಎರಡು ಅಚ್ಚು, ಏಳು ದಿನ. ಮರೆಯುವಂಥದ್ದೇನೂ ಅದರಲ್ಲಿರಲಿಲ್ಲ. ಅವನು ಗೋಣಿಯನ್ನು ಪೂರ್ತಿ ಸರಿಸಿ, ಹೊಗೆಗೂಡಿನ ಬಾಯಿಗೆ ಕಿವಿಯಿಟ್ಟು, ಕೈಯೂರಿ ಬಗ್ಗಿದ.

"ಇನ್ನೊಂದ್ ಸಲ ಯೋಳಿ ಅಮ್ಮಾವ್ರೆ" ಅಂದ.