ಶಮಶೇರಸಾಬನ ಅರ್ಜಿ ಹಾಲೆಂಡಿಗೆ ಹೋದದ್ದು

ನಂಬದಿದ್ದರೆ ಬಿಡಿ. ಆದರೆ ಕರ್ಜಗಿಯ ಸಂಜೆ ಬಸ್ಸು ಶಮಶೇರಸಾಬನ ಅರ್ಜಿಯಿಂದಲೇ ಬಂದದ್ದು. ಅದೂ ಅರ್ಜಿ ಇನ್ನೂ ಅಂಚೆಯಲ್ಲಿರುವಾಗಲೇ ಬಂತು. ತಲೆ ಅಲ್ಲಾಡಿಸಬೇಡಿ, ಇನ್ನೊಂದು ಕೇಳಿ. ಒಬ್ಬ ಮುದುಕಿಯ ಪಿಂಚಣಿಗಾಗಿ ಅವನು ಬರೆದ ಅರ್ಜಿಯನ್ನು ಓದಿ ಹಾವೇರಿಯ ಒಬ್ಬ ಅಧಿಕಾರಿ ಎಷ್ಟು ಅತ್ತನೆಂದರೆ, ಅಕ್ಷರವೆಲ್ಲ ಕಲಸಿಹೋಗಿ ಇನ್ನೊಂದು ಅರ್ಜಿ ತರಿಸಿಕೊಳ್ಳಬೇಕಾಯಿತು. ಎರಡನೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸಿದರು. ನಾನು ಕಣ್ಣಾರೆ ನೋಡಿದ್ದೇನೆ, ಆ ಚೀಲವನ್ನು.

ಬ್ಯಾಡಗಿಯ ತಾಲೂಕು ಕಚೇರಿಯ ಎದುರು ಒಂದು ಬೇವಿನ ಮರ, ಮರದ ಕೆಳಗೆ ಒಂದು ಮೇಜು, ಮೇಜಿನ ಹಿಂದೆ ಶಮಶೇರಸಾಬ. ನಲವತ್ತೊಂದು ವರ್ಷದಿಂದ ಹೀಗೇ. ಜನರಿಗೆ ಅರ್ಜಿ ಬರೆದುಕೊಡುವುದು ಅವನ ಕಸುಬು. ಅರ್ಜಿದಾರನನ್ನು ಮೊದಲ ಸಾಲಿನಲ್ಲೇ ನೆಲಕ್ಕೆ ಕೆಡವಬೇಕು ಎಂಬುದು ಅವನ ಪದ್ಧತಿ. ಕಡುಬಡವ, ದಿಕ್ಕಿಲ್ಲದವ, ರೋಗಿಷ್ಠ. ಮತ್ತೆ ಕೊನೆಯಲ್ಲಿ ‘ಪ್ರತಿಗಳು’ ಎಂದು ಬರೆದು, ಅರ್ಜಿ ಯಾವ ಸಾಹೇಬನಿಗೆ ಹೋಗುತ್ತದೋ ಅವನ ಮೇಲಿನವರ ಹೆಸರನ್ನೆಲ್ಲ ಹಾಕಬೇಕು.

“ಮ್ಯಾಲಿನಾಂವ ನೋಡ್ಯಾನು ಅಂತ ಅಂಜಿಕಿ ಇದ್ರಷ್ಟ ಕೆಳಗಿನಾಂವ ಕಡತ ಬಿಚ್ಚತಾನ” ಎನ್ನುತ್ತಾನೆ. ಪ್ರತಿಗಳನ್ನು ಯಾರಿಗೂ ಕಳಿಸುವುದಿಲ್ಲ. ಹೆಸರು ಸಾಕು.

ನನ್ನ ಮೊಮ್ಮಗಳು ಪುಷ್ಪಲತಾ ಆಹಾರ ತಂತ್ರಜ್ಞಾನ ಓದಿದವಳು. ಮುಂದಿನದನ್ನು ಹಾಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲೇ ಓದಬೇಕೆಂಬುದು ಅವಳ ಹಟ. ಅಂಕಪಟ್ಟಿ ಕಳಿಸಿದ್ದಳು, ಇಂಗ್ಲಿಷ್ ಪರೀಕ್ಷೆಯೂ ಆಗಿತ್ತು. ಉಳಿದದ್ದು ಒಂದು ಪತ್ರ: ಇಲ್ಲಿಗೇ ಯಾಕೆ ಬರಬೇಕು, ಇದನ್ನೇ ಯಾಕೆ ಓದಬೇಕು, ಒಂದು ಪುಟದಲ್ಲಿ ಹೇಳು. ರಾಣೇಬೆನ್ನೂರಿನ ಒಬ್ಬ ಏಜೆಂಟ ಚೆಂದದ ಪತ್ರ ಮಾಡಿಕೊಟ್ಟಿದ್ದ. ಅದನ್ನು ಗೆಳತಿ ನಿರ್ಮಲಾಳಿಗೆ ತೋರಿಸಿದರೆ, ಅವಳು ತನ್ನ ಮೊಬೈಲಿನಿಂದ ಅದೇ ಪತ್ರವನ್ನು ತೆಗೆದು ತೋರಿಸಿದಳು. ‘ಬಾಲ್ಯದಿಂದಲೂ ನನಗೆ ಜ್ಞಾನದ ದಾಹ’ ಎಂದು ಶುರು. ಹೋದ ವರ್ಷ ಅವಳಿಗೂ ಅದೇ ದಾಹವಿತ್ತು. ಸೀಟು ಸಿಕ್ಕಿರಲಿಲ್ಲ.

ಕೊನೆಯ ದಿನಕ್ಕೆ ಮೂರು ದಿನ ಬಾಕಿ. ಈ ವರ್ಷ ತಪ್ಪಿದರೆ ಮದುವೆ ಎಂದು ಅವಳ ಅಪ್ಪ, ಅಂದರೆ ನನ್ನ ಮಗ ಶಶಿಕಾಂತ, ಹೇಳಿಬಿಟ್ಟಿದ್ದ. ಹುಡುಗಿ ಊಟ ಬಿಟ್ಟಿದ್ದಳು.

“ನಡಿಯವಾ, ಶಮಶೇರನ ಕಡೆ ಹೋಗೂಣು” ಎಂದೆ.

“ಅಜ್ಜಾ, ಅದು ಪಿಂಚಣಿ ಅರ್ಜಿ ಅಲ್ಲೋ!”

“ಅರ್ಜಿ ಅಂದ್ರ ಅರ್ಜಿ. ನಡಿ.”

ಶಮಶೇರಸಾಬ ಎಲ್ಲ ಕೇಳಿಸಿಕೊಂಡು ಅರ್ಧ ತಾಸಿನಲ್ಲಿ ಮೂರು ಪುಟ ಬರೆದ. ಗಂಟಲು ಸರಿಮಾಡಿಕೊಂಡು ಓದಿದ. “ತಂದೆಯನ್ನು ಕಳೆದುಕೊಂಡು ಅನಾಥಳಾದ ನಾನು...”

“ಯಜ್ಜಾ, ನಮ್ಮಪ್ಪ ರಾಣೇಬೆನ್ನೂರಾಗ ಬೀಜದ ಅಂಗಡ್ಯಾಗ ಕುಂತಾನ!”

“ಕುಂದರ್ಲಿ ಬಿಡವ್ವಾ. ಹಾಲೆಂಡಿನಿಂದ ಯಾರು ಬಂದು ನೋಡ್ತಾರ?”

“ಬ್ಯಾಡ.”

“ಹಂಗಾರ ಹಾಸಿಗಿ ಹಿಡದಾನ ಅಂತ ಹಾಕೂಣು. ಇದಕ್ಕಿಂತ ಕಡಿಮಿ ಮಾಡಾಕ ಆಗೂದಿಲ್ಲ ನೋಡು.”

“ದಿನಾ ಮುಂಜಾನೆ ವಾಲಿಬಾಲ್ ಆಡ್ತಾನಜ್ಜಾ. ಮತ್ತ ಅವರು ನಮ್ಮ ಬಡತನ ಕೇಳಿಲ್ಲ. ಯಾಕ ಅಂತ ಕೇಳ್ಯಾರ.”

ಶಮಶೇರಸಾಬ ಪೆನ್ನು ಕೆಳಗಿಟ್ಟ. ಎಷ್ಟು ಎಕರೆ, ಯಾವ ಜಾತಿ, ಸತ್ತದ್ದು ಯಾವಾಗ ಎಂದು ಕಚೇರಿಗಳು ಕೇಳುತ್ತವೆ. ನಲವತ್ತೊಂದು ವರ್ಷದಲ್ಲಿ ಯಾರೂ ಅವನ ಅರ್ಜಿದಾರರನ್ನು ಯಾಕೆ ಎಂದು ಕೇಳಿರಲಿಲ್ಲ. ಅವನು ಚಹಾ ತರಿಸಿದ, ಕುಡಿದ, ಬೇವಿನ ಮರ ನೋಡಿದ. ಆಮೇಲೆ ಅವಳನ್ನೇ ಕೇಳಿದ.

“ಖರೇ ಹೇಳು ಮಗಳ, ಯಾಕ?”

“ಸಣ್ಣಾಕಿದ್ದಾಗ ನಾ ಹಾಜಿರಾಬಿ ಅಮ್ಮನ ಬಾಜೂಕ ಮೆಣಸಿನಕಾಯಿ ತೊಟ್ಟು ಬಿಡಸಾಕ ಕುಂದರ್ತಿದ್ನಿ. ಆಕಿ ಕಣ್ಣು ಮುಚ್ಚಿ ಕಾಯಿ ಮುರಿತಿದ್ಲು. ಆ ಸಪ್ಪಳದ ಮ್ಯಾಲೆ ಇದು ಈ ವರ್ಷದ್ದು, ಇದು ಕೋಲ್ಡ್ ಸ್ಟೋರೇಜಿನಾಗ ಇಟ್ಟಿದ್ದ ಹೋದ ವರ್ಷದ್ದು ಅಂತಿದ್ಲು. ಕಾಲೇಜಿನಾಗ ಮಷಿನ್ ಇಟ್ಟು ನೋಡೀನಜ್ಜಾ, ಆಕಿ ಹೇಳಿದ್ದ ಖರೇ. ಆದ್ರ ಇಟ್ಟ ಕಾಯಿ ಬಣ್ಣ ಯಾಕ ಇಳಿತೈತಿ, ಹೆಂಗ ಹಿಡಿದಿಡೂದು? ಆಕೀನ ಕೇಳಿದ್ರ, ನೀ ಓದಿ ನನಗ ಹೇಳು ಅಂದಿದ್ಲು. ಹಾಲೆಂಡಿನಾಗ ಒಬ್ಬರು ಮೇಡಂ ಹತ್ತು ವರ್ಷದಿಂದ ಇದನ್ನ ನೋಡಾಕತ್ತಾರ. ಅದಕ್ಕ.”

ಹಾಜಿರಾಬಿ ಶಮಶೇರಸಾಬನ ಹೆಂಡತಿ. ತೀರಿಕೊಂಡು ಎರಡು ವರ್ಷವಾಯಿತು.

ಅವನು ಮೂರೂ ಪುಟ ಹರಿದ. “ಇದನ್ನ ಬರಿ. ನೀ ಹೇಳಿದ್ದು ಹೇಳಿದಂಗ. ಆಕಿ ಹೆಸರು ಹಾಕು. ಒಂದಕ್ಷರ ಹೆಚ್ಚಿಗಿ ಬ್ಯಾಡ” ಎಂದು ಅತ್ತ ತಿರುಗಿ ಕೂತ.

ಪುಷ್ಪಲತಾ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದಳು. ಸರಿಯಾಗಿ ಒಂದು ಪುಟ. ಅವಳು ಪಾಸ್‌ಪೋರ್ಟಿನ ಝೆರಾಕ್ಸ್ ಮಾಡಿಸಲು ಪಕ್ಕದ ಅಂಗಡಿಗೆ ಹೋದಳು. ಶಮಶೇರಸಾಬ ಅವತ್ತು ಹೆಂಡತಿಯ ನೆನಪಿನಲ್ಲಿ ‘ಪ್ರತಿಗಳು’ ಮರೆತಿದ್ದ. ಪತ್ರದ ಕೆಳಗೆ ಅದನ್ನು ಯಾರು ಸೇರಿಸಿದರು ಎಂಬುದು ಈಗ ಮುಖ್ಯವಲ್ಲ. ನಾನೇ. ಅಂಗಡಿಯ ಸುನೀಲಕುಮಾರನಿಗೆ ಹೇಳಿ ಹಾಕಿಸಿದೆ: ಆ ವಿಶ್ವವಿದ್ಯಾಲಯವಿರುವ ತಾಲೂಕಿನ ಮಾನ್ಯ ತಹಶೀಲ್ದಾರರು, ಮಾನ್ಯ ಜಿಲ್ಲಾಧಿಕಾರಿಗಳು, ಹಾಲೆಂಡ್ ಸರಕಾರದ ಮಾನ್ಯ ಕೃಷಿ ಮಂತ್ರಿಗಳು. ಕರೆಂಟು ಹೋಗುವ ಹೊತ್ತು. ಪುಷ್ಪಲತಾ ಓಡಿಬಂದು, ಕೆಳಗೆ ನೋಡದೆ, ಗುಂಡಿ ಒತ್ತಿಬಿಟ್ಟಳು.

ಎರಡು ವಾರಕ್ಕೆ ಮೊಬೈಲಿನಲ್ಲೇ ಸಂದರ್ಶನ. ಆ ಮೇಡಮ್ಮೇ ಬಂದರು. ನಾನು ಹಿಂದೆ ಮಂಚದ ಮೇಲಿದ್ದೆ. ಅವರು ಮೊದಲು ಕೇಳಿದ್ದೇ ಇದು: ಪತ್ರವನ್ನು ನಮ್ಮ ಮಂತ್ರಿಗಳಿಗೂ ಕಳಿಸಿದ್ದೀಯಾ?

ಪುಷ್ಪಲತಾಳ ಮುಖದ ಬಣ್ಣ ಒಂದೇ ಸಲಕ್ಕೆ ಇಳಿಯಿತು. ನನ್ನ ಕಡೆ ತಿರುಗಿದಳು. ನಾನು ಫ್ಯಾನು ನೋಡುತ್ತಿದ್ದೆ.

ಕಂಪ್ಯೂಟರಿನ ತಪ್ಪು ಎನ್ನಬಹುದಿತ್ತು. ಅವಳು ಹೇಳಿದ್ದೇ ಬೇರೆ, ನನಗೆ ಆಮೇಲೆ ತಿಳಿಸಿದಳು: “ನಮ್ಮಲ್ಲಿ ಮೇಲಿನವರ ಹೆಸರಿಲ್ಲದಿದ್ದರೆ ಸಾಮಾನ್ಯರ ಅರ್ಜಿಯನ್ನು ಯಾರೂ ತೆಗೆದು ಓದುವುದಿಲ್ಲ. ನನ್ನದನ್ನೂ ಓದಲಾರಿರಿ ಎಂದು ನಮ್ಮಜ್ಜ ಹೆದರಿದ್ದಾರೆ. ಕಳಿಸಿಲ್ಲ, ಹೆಸರಷ್ಟೇ.”

ಮೇಡಂ “ನಾನು ಎರಡು ಸಲ ಓದಿದೆ ಎಂದು ಅವರಿಗೆ ಹೇಳು” ಎಂದರು. ಆಮೇಲೆ ಮಾತೆಲ್ಲ ಹಾಜಿರಾಬಿಯದೇ. ಎಷ್ಟು ಕಾಯಿ ಮುರಿದಳು, ಎಷ್ಟು ಸಲ ಸರಿಯಾಯಿತು, ನೀನು ಹೇಗೆ ಅಳೆದೆ. ಅಡುಗೆಮನೆಯಿಂದ ಎರಡು ಕಾಯಿ ತರಿಸಿ ಮೊಬೈಲಿನ ಮುಂದೆ ಮುರಿಸಿದರು. ಆ ಕಡೆ ಮೇಡಂ ಸೀನಿದರು. ಇದನ್ನು ಮಾತ್ರ ನಾನು ಸೇರಿಸಿದ್ದಲ್ಲ.

ಹನ್ನೆರಡನೆಯ ದಿನ ಉತ್ತರ ಬಂತು. ಸೀಟು, ಜೊತೆಗೆ ವಿದ್ಯಾರ್ಥಿವೇತನ. ಶಶಿಕಾಂತ ಮದುವೆಯ ಮಾತು ಬಿಟ್ಟು ಈಗ ಸ್ವೆಟರಿನ ಮಾತಾಡುತ್ತಾನೆ.

ಕಾಗದವನ್ನು ಮುದ್ರಿಸಿ ಬೇವಿನ ಮರದ ಕೆಳಗೆ ಒಯ್ದೆವು. ಶಮಶೇರಸಾಬನಿಗೆ ಇಂಗ್ಲಿಷ್ ಬಾರದು. ಆದರೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಾಡಿಸಿದ. ಕನ್ನಡಕ ಎರಡು ಸಲ ಒರೆಸಿದ. ಆಮೇಲೆ ಹಿಂದೆ ಮುಂದೆ ತಿರುಗಿಸಿ ಕಚೇರಿಯ ಮುದ್ರೆ ಹುಡುಕಿ, ನನ್ನನ್ನು ಕೇಳಿದ.

“ಅಂದಾನೆಪ್ಪಾ, ಶಿಕ್ಕಾ ಇಲ್ಲಲ್ಲೋ. ಇದನ್ನ ಹೆಂಗ ನಂಬೂದು?”

“ಅಲ್ಲಿ ಶಿಕ್ಕಾ ಒತ್ತೂದಿಲ್ಲಂತ.”

“ಹಂಗಾರ ಒಂದು ಮೇಲ್ಮನವಿ ಬರೆದಿಟ್ಟಿರ್ತೇನಿ. ಹುಡುಗಿ ವಿಮಾನ ಹತ್ತೂಮಟ ಇರ್ಲಿ.”

ಬರೆದೂ ಬಿಟ್ಟ. ಐದು ಪುಟ. ಅದರಲ್ಲಿ ಶಶಿಕಾಂತನಿಗೆ ಏನು ರೋಗ ಹಚ್ಚಿದ್ದಾನೆಂದರೆ...

“ಏನ್ರೀ, ಯಾರ ಮುಂದ ಬುರುಡಿ ಹೊಡಿಯಾಕತ್ತೀರಿ? ರೊಟ್ಟಿ ಆರಾಕತ್ತಾವ, ಲಗೂ ಬರ್ರಿ!”

ಶಾರದವ್ವ. ನನ್ನ ಹೆಂಡತಿ. ಅವಳು ಎರಡನೆಯ ಸಲ ಕರೆಯುವುದಿಲ್ಲ.